ಹೊಸ ತಲೆ, ಹಳೆಯ ಹೊಟ್ಟೆ

ಎರ್ಮಾಳಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಂಚಿಗೆ, ಕಡಲ ಗಾಳಿ ನೇರವಾಗಿ ಬೀಸುವಲ್ಲಿ, ಟೈರುಗಳಿಗೆ ಗಾಳಿ ತುಂಬುವ ಪುಟ್ಟ ಅಂಗಡಿಯೊಂದಿದೆ. ಸಂಜೆಯ ತಿರುಗಾಟದ ನಡುವೆ ಅದರ ಬೆಂಚಿನ ಮೇಲೆ ಒಂದು ಗಳಿಗೆ ಕುಳಿತುಕೊಳ್ಳುವುದು ನಿವೃತ್ತಿಯ ಅನಂತರ ನನಗಂಟಿದ ಅಭ್ಯಾಸ. ಅಂಗಡಿಯ ತರುಣನಿಗೆ ತಂದೆಯಿಂದ ಬಂದ ಆಸ್ತಿಯೆಂದರೆ ಒಂದು ಏರ್ ಕಂಪ್ರೆಸರ್: ಅಡ್ಡ ಮಲಗಿಸಿದ ಉಕ್ಕಿನ ಟ್ಯಾಂಕು, ಅದರ ಬೆನ್ನ ಮೇಲೆ ಮೋಟಾರು ಮತ್ತು ಪಂಪು, ಎರಡನ್ನೂ ಕೂಡಿಸುವ ಬೆಲ್ಟು.

ಕಳೆದ ಮಳೆಗಾಲದಲ್ಲಿ ಪಂಪು ಸೋತಿತು. ಪಿಸ್ಟನ್ನಿನ ಉಂಗುರಗಳು ಸವೆದು, ಲಾರಿಯ ಒಂದು ಟೈರು ತುಂಬಲು ಇಮ್ಮಡಿ ಹೊತ್ತು ಬೇಕಾಯಿತು. ತರುಣ ಸಾಲ ಮಾಡಿ ಹೊಸ ಪಂಪು ತಂದ. “ಟ್ಯಾಂಕು ಗಟ್ಟಿ ಉಂಟಲ್ಲ ಸಾರ್?” ಎಂದು ನನ್ನನ್ನು ಕೇಳಿದ. ಹೊಳೆಯುವ ನೀಲಿ ಬಣ್ಣವನ್ನು ನೋಡಿ ನಾನು “ಗಟ್ಟಿಯಾಗಿಯೇ ಇದೆ” ಎಂದುಬಿಟ್ಟೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಚಾಳಿ ಅಧ್ಯಾಪಕನನ್ನು ಸುಲಭವಾಗಿ ಬಿಡುವುದಿಲ್ಲ.

ಪಂಪು ಕೂರಿಸಲು ಬಂದ ಹಿರಿಯ ಮೆಕ್ಯಾನಿಕರು ಮೊದಲು ಟ್ಯಾಂಕಿನ ತಳದ ವಾಲ್ವನ್ನು ತಿರುಗಿಸಿದರು. ಕೆಂಪು ನೀರು ದಳದಳನೆ ಸುರಿಯಿತು. “ತಲೆ ಹೊಸತು ಹಾಕುವ ಮಾರಾಯ, ಹೊಟ್ಟೆ ಹೇಗುಂಟು ಅಂತ ನೋಡಿದ್ದೀಯಾ?” ಎಂದರು.

ಆ ನೀರು ಗಾಳಿಯೊಳಗಿನದೇ. ಪಂಪು ಕರಾವಳಿಯ ತೇವದ ಗಾಳಿಯನ್ನು ಸುಮಾರು ಒಂಬತ್ತರಲ್ಲೊಂದು ಪಾಲಿಗೆ ಹಿಂಡುತ್ತದೆ. ಹಿಂಡಿದಾಗ ಬಿಸಿಯಾದ ಗಾಳಿ ಟ್ಯಾಂಕಿನಲ್ಲಿ ತಣಿಯುತ್ತ, ಹಿಡಿದಿಡಲಾರದ ತೇವವನ್ನು ನೀರಾಗಿ ಇಳಿಸುತ್ತದೆ. ದಿನದಿನವೂ ಹೊರಬಿಡದಿದ್ದರೆ ಅದು ಉಕ್ಕನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ.

ನಮ್ಮ ಕಮ್ಮಾರನ ತಿದಿ ಗಾಳಿಯನ್ನು ಊದಿ ಬಿಡುತ್ತದೆ. ಈ ಯಂತ್ರ ಕೂಡಿಡುತ್ತದೆ. ಅಪಾಯವಿರುವುದು ಈ ಕೂಡಿಡುವಿಕೆಯಲ್ಲಿ. ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ಒತ್ತಡವೆಂದರೆ, 40 ಸೆಂಟಿಮೀಟರ್ ವ್ಯಾಸದ ಟ್ಯಾಂಕಿನ ಒಂದು ಕೊನೆಯ ಮುಚ್ಚಳದ ಮೇಲೆಯೇ ಸುಮಾರು 10 ಟನ್ ಭಾರ. ಸೈಕಲ್ಲಿಗೆ ಗಾಳಿ ತುಂಬಿಸಲು ಬರುವ ಶಾಲೆಯ ಮಕ್ಕಳು ಒರಗಿ ನಿಲ್ಲುತ್ತಿದ್ದುದು ಆ ಮುಚ್ಚಳಕ್ಕೆ.

ಮೆಕ್ಯಾನಿಕರು ಗಾಳಿಯ ಗುಳ್ಳೆಯೊಂದೂ ಉಳಿಯದಂತೆ ಟ್ಯಾಂಕಿಗೆ ನೀರು ತುಂಬಿಸಿ, ಕೈಪಂಪಿನಿಂದ ಒತ್ತಡವನ್ನು ಏರಿಸತೊಡಗಿದರು. ನೀರು ಗಾಳಿಯಂತೆ ಅಮುಕಿ ಕೂಡುವ ವಸ್ತುವಲ್ಲ. ತಗಡು ಸೋತರೆ ಸೋರುತ್ತದೆ, ಸಿಡಿಯುವುದಿಲ್ಲ. 8ರ ಒಂದೂವರೆ ಪಟ್ಟು 12. ಅಲ್ಲಿಯವರೆಗೆ ಏರಿಸುವುದು ಅವರ ಲೆಕ್ಕ. 10 ದಾಟುವಷ್ಟರಲ್ಲಿಯೇ ತಳದಲ್ಲಿ ಬೆವರಿನಂತೆ ಹನಿಗಳ ಸಾಲು ಮೂಡಿತು.

“ಅಪ್ಪನ ಟ್ಯಾಂಕು. ಒಂದು ವೆಲ್ಡಿಂಗ್ ಮಾಡಿದರೆ ಆಗದೇ?” ತರುಣನ ದನಿ ಕುಗ್ಗಿತ್ತು.

“ಬೆವರಿದ ಜಾಗದ ಸುತ್ತ ಎಲ್ಲ ತೆಳು. ತೇಪೆ ಹಾಕಿದರೆ ಅದರ ಪಕ್ಕದಲ್ಲಿ ಹರಿಯುತ್ತದೆ.”

ಸಾಲದ ಮೇಲೆ ಸಾಲವಾಗಿ ಹೊಸ ಟ್ಯಾಂಕು ಬಂತು. ಪಂಪನ್ನು ಕೂರಿಸುವಾಗಲೂ ಅವರು ಆತುರಪಡಲಿಲ್ಲ. ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ಅದರ ಪುಲ್ಲಿ 6 ಅಂಗುಲ, ಪಂಪಿನ ಚಕ್ರ 12 ಅಂಗುಲವಿದ್ದರೆ ಪಂಪು 720 ಸುತ್ತು. ಹೊಸ ಪಂಪು ತಾಳುವ ವೇಗವನ್ನು ನೋಡಿ ಪುಲ್ಲಿಯನ್ನು ಆರಿಸಿದರು. ದಾರ ಹಿಡಿದು ಬೆಲ್ಟಿನ ನೇರವನ್ನು ನೋಡಿದರು. ಚಕ್ರದ ಗಾಳಿ ಸಿಲಿಂಡರಿನತ್ತ ಬೀಸುವಂತೆ ತಿರುಗುವ ದಿಕ್ಕನ್ನು ಸರಿಪಡಿಸಿದರು. ಹಳೆಯ ಸೇಫ್ಟಿ ವಾಲ್ವನ್ನು ಬದಲಿಸಿದರು.

ಹಳೆಯ ಟ್ಯಾಂಕನ್ನು, ಬಣ್ಣ ನೋಡಿ, ಒಳ್ಳೆಯ ಬೆಲೆಗೆ ಕೇಳಿದವರಿದ್ದರು. ಗುಜರಿಗೆ ಹಾಕಿದರೆ ಸಿಗುವುದು ಕಬ್ಬಿಣದ ಬೆಲೆ ಮಾತ್ರ. ತರುಣ ಎರಡು ದಿನ ಯೋಚಿಸಿದ. ಮೂರನೆಯ ದಿನ ಇನ್ನಾರೂ ಅದಕ್ಕೆ ಗಾಳಿ ತುಂಬಲಾಗದಂತೆ ತಾನೇ ಡ್ರಿಲ್ ಹಿಡಿದು ತೂತು ಕೊರೆದು, ಗುಜರಿಗೆ ಕಳುಹಿಸಿದ. ಬಣ್ಣಕ್ಕೆ ಮರುಳಾಗಿ ಮಾತು ಕೊಟ್ಟಿದ್ದ ನಾನು ಆ ಹೊತ್ತು ಅಲ್ಲಿಯೇ ಇದ್ದೆ; ಮೆಚ್ಚಿ ಒಂದು ಮಾತಾಡಲೂ ಸಂಕೋಚವಾಯಿತು.

ಈಗ ದಿನವೂ ಸಂಜೆ ಬಾಗಿಲು ಹಾಕುವ ಮುನ್ನ ಅವನು ತಳದ ವಾಲ್ವನ್ನು ತಿರುಗಿಸುತ್ತಾನೆ. ಬುಸ್ಸೆಂದು ಒಂದು ಸದ್ದು, ಹಿಂದೆಯೇ ಬೊಗಸೆ ನೀರು. ಅದನ್ನು ಕೇಳಿಯೇ ನಾನು ಬೆಂಚಿನಿಂದ ಏಳುತ್ತೇನೆ.