ದುಡಿಮೆ ನಿಂತ ಮೇಲಿನ ಬದುಕು



ನಿವೃತ್ತಿಯು ಸರಕಾರಿ ನೌಕರರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ನಾವು ಭಾವಿಸಿದ್ದೇವೆ. ಸವಣೂರಿನ ಎಲೆತೋಟದ ಕೂಲಿ, ಹಾನಗಲ್ಲಿನ ದರ್ಜಿ, ಹಿರೇಕೆರೂರಿನ ಹಮಾಲ, ಶಿಗ್ಗಾಂವಿಯ ಗ್ಯಾರೇಜು ಕೆಲಸಗಾರ- ಇವರೆಲ್ಲರಿಗೂ ಕೈ ಸೋಲುವ ದಿನ ಬಂದೇ ಬರುತ್ತದೆ. ಆದರೆ ಅವರಿಗೆ ಪಿಂಚಣಿಯ ಆದೇಶ ತಾನಾಗಿ ಬರುವುದಿಲ್ಲ.

2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯ ಲೆಕ್ಕ ನೋಡಿ. 60ರ ಬಳಿಕ ತಿಂಗಳಿಗೆ 5,000 ರೂ. ಪಡೆಯಲು 18ರ ಯುವಕ ತಿಂಗಳಿಗೆ 210 ರೂ. ಕಟ್ಟಬೇಕು, 40ರಲ್ಲಿ ಸೇರುವವನು 1,454 ರೂ. ಕಟ್ಟಬೇಕು. 40 ದಾಟಿದವರಿಗೆ ಪ್ರವೇಶವಿಲ್ಲ. ಬಡ್ಡಿಯ ಕಾರಣಕ್ಕೆ ಇಂತಹ ಯೋಜನೆಗಳಿಂದ ದೂರವಿರುವವರೂ ವ್ಯಾಪಾರದಲ್ಲಿ ಪಾಲು, ಬಾಡಿಗೆ ಮಳಿಗೆ, ತುಂಡು ಜಮೀನು ಮುಂತಾದ ದಾರಿಯನ್ನು ಯೌವನದಲ್ಲೇ ಹಿಡಿಯಬೇಕು. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಪೆಟ್ಟಿಗೆಯಲ್ಲಿಟ್ಟ ಹಣದ ಬೆಲೆ 12 ವರ್ಷಗಳಲ್ಲಿ ಅರ್ಧವಾಗುತ್ತದೆ.

ಜೀವಮಾನದ ಉಳಿತಾಯವನ್ನು ಒಂದೇ ಮದುವೆಗೆ ಸುರಿದು, ಬಳಿಕ ಔಷಧಿ ಚೀಟಿ ಹಿಡಿದು ಮಕ್ಕಳ ಮುಂದೆ ನಿಲ್ಲುವ ತಂದೆಯರನ್ನು ನಾವು ಕಂಡಿಲ್ಲವೇ? ಹೆತ್ತವರ ಸೇವೆ ಮಕ್ಕಳ ಕರ್ತವ್ಯ, ನಿಜ. ಆದರೆ ಅವರಿಗೆ ಹೊರೆಯಾಗದಂತೆ ಸಿದ್ಧರಾಗುವುದು ನಮ್ಮ ಕರ್ತವ್ಯ. ಆ ನಿಶ್ಚಿಂತೆಯಿದ್ದ ಹಿರಿಯರು ಮೊಹಲ್ಲಾದ ಯುವಕರಿಗೆ ಕಸುಬು ಕಲಿಸಬಲ್ಲರು, ಮಕ್ಕಳಿಗೆ ಪಾಠ ಹೇಳಬಲ್ಲರು. ಯುವಕರೇ, ಈ ತಿಂಗಳ ಸಂಪಾದನೆಯಿಂದಲೇ ಆರಂಭಿಸಿರಿ.