ಹಲ್ಲು ಕೀಳಿಸಿದ ಮೇಲೆ ಕಣ್ಣು ಊದಿದರೆ
(ಗ್ರಾಮಸೇವಕರೊಬ್ಬರ ಭಾಷಣ)



ನಾನು ಬೆಳೆಯ ವಿಷಯ ಹೇಳುವವನು. ಇಂದು ಹಲ್ಲಿನ ವಿಷಯ ಹೇಳಲು ನಿಂತಿದ್ದೇನೆ, ಅದಕ್ಕೆ ಕಾರಣವಿದೆ. ಭದ್ರಾವತಿ ಕಡೆಯ ರೈತರೊಬ್ಬರು ಮೇಲಿನ ದವಡೆಹಲ್ಲು ಕೀಳಿಸಿಕೊಂಡರು. ಮೂರನೆಯ ದಿನ ಕುಡಿದ ಕಾಫಿ ಮೂಗಿನಿಂದ ಇಳಿಯಿತು. ಹೇಳಿದರೆ ಜನ ನಕ್ಕಾರೆಂದು ಹತ್ತು ದಿನ ಸುಮ್ಮನಿದ್ದರು. ಕಣ್ಣಿನ ಕೆಳಗೆ ಊದಿ, ಒಂದು ಎರಡಾಗಿ ಕಾಣತೊಡಗಿದಾಗ ಶಿವಮೊಗ್ಗಕ್ಕೆ ಕರೆದೊಯ್ದೆವು. ಪುಣ್ಯಕ್ಕೆ ಕಣ್ಣು ಉಳಿಯಿತು.

ಹಲ್ಲಿಗೂ ಕಣ್ಣಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಕೆನ್ನೆಯ ಮೂಳೆಯೊಳಗೆ ಗಾಳಿ ತುಂಬಿದ ಪೊಳ್ಳು ಕೋಣೆಯೊಂದಿದೆ. ವೈದ್ಯರು ಅದನ್ನು ಸೈನಸ್ ಎನ್ನುತ್ತಾರೆ. ಮೇಲಿನ ದವಡೆಹಲ್ಲುಗಳ ಬೇರು ಆ ಕೋಣೆಯ ನೆಲಕ್ಕೆ ತಾಗಿದಂತಿರುತ್ತದೆ. ಅದರ ಸೂರೇ ಕಣ್ಣಿನ ಗುಳಿಯ ನೆಲ. ನಡುವೆ ಇರುವುದು ತೆಳುವಾದ ಮೂಳೆ. ಹಲ್ಲು ಕೀಳುವಾಗ ಅಲ್ಲಿ ತೂತು ಬಿದ್ದರೆ, ಅಥವಾ ಹುಳುಕು ಹಲ್ಲಿನ ಕೀವು ಮೇಲೇರಿದರೆ, ಸೋಂಕು ಸೈನಸ್ಸಿಗೂ, ಅಲ್ಲಿಂದ ಅಪರೂಪಕ್ಕೆ ಕಣ್ಣಿಗೂ ಹೋಗುತ್ತದೆ.

ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತಿಗೆ ಅಂದೇ ಆದರೆ ಒಂದು ಹೆಂಟೆ ಮಣ್ಣು ಸಾಕು. ಬಿಟ್ಟರೆ ಬದುವೇ ಹೋದೀತು. ಇದೂ ಹಾಗೆಯೇ. ಚಿಕ್ಕ ತೂತು ತಾನಾಗಿ ಕೂಡುವುದುಂಟು. ದೊಡ್ಡದನ್ನು ವೈದ್ಯರು ಹೊಲಿದು ಮುಚ್ಚುತ್ತಾರೆ.

ಕುಡಿದ ನೀರು ಮೂಗಿಗೆ ಬಂದರೆ, ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿದರೆ, ಹಲ್ಲಿನ ವೈದ್ಯರಲ್ಲಿಗೆ ಮರಳಿ ಹೋಗಿ. ಆದರೆ ಕಣ್ಣಿನ ರೆಪ್ಪೆ ಊದಿದರೆ, ಕಣ್ಣು ಹೊರಳಿಸಿದಾಗ ನೋವಾದರೆ, ಎರಡೆರಡು ಕಂಡರೆ, ದೃಷ್ಟಿ ಮಂಕಾದರೆ ಒಂದು ರಾತ್ರಿಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬನ್ನಿ. ಕಣ್ಣು, ಕಿವಿ, ಮೂಗಿನ ವೈದ್ಯರು ಅಲ್ಲಿ ಒಂದೇ ಕಡೆ ಸಿಗುತ್ತಾರೆ.

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರ ರೋಗ ನಮ್ಮ ರಾಜ್ಯದಲ್ಲಿ ಹಲವರ ಕಣ್ಣು ತೆಗೆಯಿತು. ಹೆಚ್ಚಿನವರು ಸಕ್ಕರೆ ಕಾಯಿಲೆಯವರು. ಕೆಲವರಿಗೆ ಮೊದಲು ಕಾಣಿಸಿಕೊಂಡದ್ದು ಮೇಲಿನ ಹಲ್ಲು ಅಲುಗಾಡಿದ್ದು, ದವಡೆ ನೋವು. ಆದ್ದರಿಂದ ಹಲ್ಲು ಕೀಳಿಸುವ ಮುನ್ನ ನಿಮ್ಮ ಸಕ್ಕರೆಯ ವಿಷಯ ವೈದ್ಯರಿಗೆ ತಪ್ಪದೆ ತಿಳಿಸಿ.

ಮೇಲಿನ ಹಲ್ಲು ಕೀಳಿಸಿದವರು ಕೆಲವು ದಿನ ಮೂಗು ಜೋರಾಗಿ ಸೀಟಬಾರದು, ಬೀಡಿ ಸೇದಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಕೊಟ್ಟ ಮಾತ್ರೆಯನ್ನು ನೋವು ನಿಂತಿತೆಂದು ನಡುವೆ ಬಿಡಬೇಡಿ.

ಇದನ್ನೆಲ್ಲ ಕೇಳಿ ಹಲ್ಲಿನ ವೈದ್ಯರಿಗೆ ಹೆದರಬೇಡಿ. ಇಂಥ ತೊಂದರೆ ಬಹಳ ಅಪರೂಪ. ಲವಂಗ, ಹೊಗೆಸೊಪ್ಪು ಇಟ್ಟುಕೊಂಡು ಕೊಳೆತ ಹಲ್ಲನ್ನು ವರ್ಷಗಟ್ಟಲೆ ಸಾಕುವುದೇ ಹೆಚ್ಚು ಅಪಾಯ. ಹಲ್ಲು ತೋರಿಸಿಕೊಳ್ಳಿ, ಆಮೇಲೆ ಏನಾದರೂ ಬೇರೆ ಕಂಡರೆ ನಾಚದೆ ಅಂದೇ ಹೇಳಿ.