ಗ್ರಂಥಾಲಯದ ಕೀಲಿ ಯಾರ ಕೈಯಲ್ಲಿ?

(ಶಹಾಪುರದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಕಡೆಯಿಂದ ಹೊಲ ಮನೆಯ ಕೆಲಸ ಬಿಟ್ಟು ಬಂದಿದ್ದೀರಿ.

ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆ ಕುರಿತು ಮಾತಾಡಬೇಕೆಂದು ನನ್ನನ್ನು ಕರೆದರು. ನಾನು ಗ್ರಂಥಾಲಯದ ಬಗ್ಗೆ ಮಾತಾಡುತ್ತೇನೆ ಅಂದೆ. ಕರೆಯಲು ಬಂದ ಹುಡುಗಿ ನಕ್ಕಳು. "ಮೇಡಂ, ಬಡಿಸಿಕೊಳ್ಳೋ ಹೆಂಗಸಿಗೆ ಪುಸ್ತಕ ಏನು ಮಾಡ್ತದ್ರಿ?" ಅಂತ ಕೇಳಿದಳು. ಅವಳ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡಲಿಕ್ಕೇ ಇಲ್ಲಿ ನಿಂತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ, 1986ರಲ್ಲಿ ನಾನು ಉಪನ್ಯಾಸಕಿಯಾದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನು. ನಮ್ಮಪ್ಪ ನಿಜಾಮರ ಕಾಲದಲ್ಲಿ ಉರ್ದು ಓದಿದವರು, ನಮ್ಮವ್ವ ಹೆಬ್ಬೆಟ್ಟು. ಹಾಗಾಗಿ ನನಗೆ ನನ್ನ ಓದಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು. 1989ರಲ್ಲಿ ನನ್ನ ಒಬ್ಬ ವಿದ್ಯಾರ್ಥಿನಿ, ಬಿ.ಎ. ಎರಡನೆಯ ವರ್ಷಕ್ಕೇ ಓದು ಬಿಡಿಸಿ ಮದುವೆ ಮಾಡಿಕೊಟ್ಟವಳು, ತವರಿಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬಂದಳು. ಊರಿನ ಓದುವ ಕೋಣೆಯಲ್ಲಿ ನಾನು ಪೇಪರು ನೋಡುತ್ತಿದ್ದೆ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. ಮದುವೆಯಲ್ಲಿ ಕೊಟ್ಟ ಬಂಗಾರ ಸಾಲದು, ಇನ್ನೂ ಮೂರು ತೊಲ ಮತ್ತು ಒಂದು ಗಾಡಿ ತಾ ಎಂದು ಅತ್ತೆ ಮನೆಯವರು ಹೊಡೆಯುತ್ತಾರಂತೆ. "ಇದಕ್ಕ ಕಾನೂನು ಅಂತ ಏನಾದ್ರೂ ಐತೇನ್ರಿ ಮೇಡಂ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಪಂಪನಿಂದ ಹಿಡಿದು ನವೋದಯದವರೆಗೆ ಪಾಠ ಮಾಡುತ್ತಿದ್ದ ನನಗೆ, ಗಂಡನ ಮನೆಯವರ ಕ್ರೌರ್ಯಕ್ಕೆ 1983ರಲ್ಲೇ 498ಎ ಎಂಬ ಕಲಮು ಬಂದಿದೆ ಎಂಬುದು ತಿಳಿದಿರಲಿಲ್ಲ. "ಸ್ವಲ್ಪ ಹೊಂದಿಕೊಂಡು ಹೋಗವ್ವ, ಎಲ್ಲ ಸರಿ ಹೋಗ್ತದ" ಅಂದೆ. ಮೂರು ತಿಂಗಳಾದ ಮೇಲೆ ಸುದ್ದಿ ಬಂತು. ಸ್ಟವ್ ಸಿಡಿದು ಸುಟ್ಟುಕೊಂಡು ಸತ್ತಳಂತೆ. ಆ ಕಾಲದಲ್ಲಿ ಸೊಸೆಯರು ಅಡಿಗೆ ಮಾಡುವಾಗ ಮಾತ್ರ ಸ್ಟವ್ ಸಿಡಿಯುತ್ತಿತ್ತು, ನಿಮಗೂ ನೆನಪಿದ್ದೀತು. ಯಾರೂ ಫಿರ್ಯಾದಿ ಕೊಡಲಿಲ್ಲ. ನಾನೂ ಕೊಡಲಿಲ್ಲ.

ಆಮೇಲೆ ಒಂದು ದಿನ ಅದೇ ಓದುವ ಕೋಣೆಯಲ್ಲಿ ಕೀಲಿ ಹಾಕಿದ್ದ ಗಾಜಿನ ಕಪಾಟಿನೊಳಗೆ ಕಾನೂನಿನ ಎರಡು ಕನ್ನಡ ಪುಸ್ತಕ ಕಂಡೆ. ನಾವಿಬ್ಬರೂ ಅಂದು ಕೂತಿದ್ದ ಬೆಂಚಿನಿಂದ ಅದು ನಾಲ್ಕು ಹೆಜ್ಜೆ ದೂರ. ಪುಸ್ತಕ ಇತ್ತು, ಕೇಳುವವಳು ಇದ್ದಳು, ಓದಿ ಹೇಳಬಲ್ಲವಳೂ ಇದ್ದಳು. ಆದರೂ ಅವಳಿಗೆ ಅದು ಸಿಗಲಿಲ್ಲ. ಅಂದಿನಿಂದ ನನಗೆ ಗ್ರಂಥಾಲಯ ಅಂದರೆ ಕಥೆ ಕಾದಂಬರಿಯ ಮಾತಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳು ಯಾರನ್ನೂ ಕೇಳದೆ ಎಲ್ಲಿಗೆ ಹೋಗಬಲ್ಲಳು? ನಳಕ್ಕೆ, ಗಿರಣಿಗೆ, ಗುಡಿಗೆ, ಸಂತೆಗೆ, ಮಗುವಿಗೆ ಜ್ವರ ಬಂದರೆ ದವಾಖಾನೆಗೆ. ಪೊಲೀಸ್ ಠಾಣೆಗೆ ಹೋದರೆ ಊರೆಲ್ಲ ಸುದ್ದಿ. ವಕೀಲರ ಮನೆಗೆ ಹೋದರೆ ರೊಕ್ಕ ಬೇಕು. ಆದರೆ "ಹುಡುಗಿಗೆ ಶಾಲಿ ಪುಸ್ತಕ ತರ್ತೀನಿ" ಅಂತ ಗ್ರಂಥಾಲಯಕ್ಕೆ ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಅಲ್ಲಿ ಹೋಗಿ ಕೂಡಲಿಕ್ಕೆ ರೊಕ್ಕ ಬೇಡ, ಜಾತಿ ಕೇಳುವಂತಿಲ್ಲ, ಯಾಕೆ ಬಂದೆ ಅನ್ನುವಂತಿಲ್ಲ. ಅಂಥ ಜಾಗ ಊರಲ್ಲಿ ಇನ್ನೊಂದು ತೋರಿಸಿರಿ ನೋಡೋಣ.

ಅದು ನಮ್ಮ ಜಾಗ, ಯಾರೋ ದಾನ ಕೊಟ್ಟದ್ದಲ್ಲ. ನಮ್ಮ ರಾಜ್ಯದಲ್ಲಿ 1965ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ನೀವು ಮನೆ ತೆರಿಗೆ ಕಟ್ಟುವಾಗ ಅದರ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿಸಿ ಕಟ್ಟುತ್ತೀರಿ. ಪಾವತಿ ಇದ್ದರೆ ಮನೆಗೆ ಹೋಗಿ ತೆಗೆದು ನೋಡಿರಿ. ಅಕ್ಷರ ಬಾರದ ನಿಮ್ಮವ್ವನೂ, ಕೂಲಿ ಮಾಡುವ ನೀವೂ ಆ ಪುಸ್ತಕಗಳಿಗೆ ರೊಕ್ಕ ಕೊಟ್ಟಿದ್ದೀರಿ. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎನ್ನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದರು. ಪುಸ್ತಕ ಜೋಪಾನ ಮಾಡಿಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದೇ ಅದರಲ್ಲಿ ಮೊದಲನೆಯದು. ಕಪಾಟಿನ ಕೀಲಿಯ ವಿಷಯವನ್ನು ಅವರು ಅಂದೇ ಹೇಳಿಟ್ಟಿದ್ದರು!

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು ಇವೆ. ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮ ಬಂದು, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಹಲವು ಕಡೆ ಕಂಪ್ಯೂಟರೂ ಬಂದಿವೆ. ಇದರಿಂದ ನಮಗೇನು ಲಾಭ? ಹಳ್ಳಿಯ ಗ್ರಂಥಾಲಯ ಈಗ ಪಂಚಾಯಿತಿಯ ಕೈಯಲ್ಲಿದೆ. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರದು. ಹಾಗಾದರೆ ಕೇಳಬೇಕಾದ ಬಾಗಿಲು ದೂರವಿಲ್ಲ, ನಮ್ಮ ಊರಲ್ಲೇ ಇದೆ.

ಎಲ್ಲ ಚಂದ ಇದೆ ಎಂದು ನಾನು ಹೇಳುತ್ತಿಲ್ಲ. ಕೆಲವು ಊರಲ್ಲಿ ಬಾಗಿಲು ತೆರೆಯುವುದು ಹೆಂಗಸರು ಹೊಲದಲ್ಲಿರುವ ಹೊತ್ತಿನಲ್ಲಿ. ಕೆಲವು ಕಡೆ ಪೇಪರು ಓದುವ ಗಂಡಸರು ಬೆಂಚು ಬಿಟ್ಟೇಳುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಇಸ್ಪೀಟು ನಡೆದಿರುತ್ತದೆ. ಅದನ್ನು ದಾಟಿ ಒಳಗೆ ಹೋಗುವುದು ಹೆಣ್ಣುಮಕ್ಕಳಿಗೆ ಸಣ್ಣ ಕೆಲಸವಲ್ಲ. ಒಬ್ಬಳೇ ಹೋದರೆ ನೋಡುತ್ತಾರೆ, ಹತ್ತು ಮಂದಿ ಹೋದರೆ ಜಾಗ ಬಿಡುತ್ತಾರೆ. ಸಂಘ ಇರುವುದು ಉಳಿತಾಯದ ಲೆಕ್ಕಕ್ಕೆ ಮಾತ್ರವೇ?

"ನಮಗ ಓದಾಕ ಬರಂಗಿಲ್ರೀ ಅಕ್ಕೋರ" ಎಂದು ನೀವು ಹೇಳುತ್ತೀರಿ. ಗೊತ್ತಿದೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇಕಡಾ 41ರಷ್ಟು. ಇಡೀ ರಾಜ್ಯದಲ್ಲಿ ಎಲ್ಲಕ್ಕಿಂತ ಹಿಂದಿನ ಜಿಲ್ಲೆ ನಮ್ಮದು. ಆದರೆ ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತೇವಲ್ಲ, ಅಲ್ಲಿ ಎಷ್ಟು ಮಂದಿ ಓದುತ್ತಾರೆ? ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ನೂರು ಮಂದಿ ಕೇಳುತ್ತಾರೆ. ತಿಂಗಳು ಮುಗಿಯುವುದರೊಳಗೆ ಕಥೆಯೆಲ್ಲ ಬಾಯಿಪಾಠ. ದೇವರ ದಾಸಿಮಯ್ಯನ ಮುದನೂರು ನಮ್ಮ ಸುರಪುರದ ನಾಡಿನಲ್ಲೇ ಇದೆ. ಹೆಣ್ಣು ಗಂಡೆಂಬ ಭೇದ ಆತ್ಮಕ್ಕಿಲ್ಲವೆಂದು ಆ ನೇಕಾರ ಹೇಳಿದ್ದನ್ನು ನಮ್ಮ ಅಜ್ಜಿಯರು ಪುಸ್ತಕ ಹಿಡಿದು ಕಲಿತರೇ? ಕೇಳಿ ಕಲಿತರು. ಹಾಗಾದರೆ ಕಾನೂನನ್ನೂ ಕೇಳಿ ಕಲಿಯಬಹುದು.

ನಿವೃತ್ತಿಯಾದ ಮೇಲೆ ಸುರಪುರ ತಾಲೂಕಿನ ಒಂದು ಹಳ್ಳಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ಅಲ್ಲಿನ ಸಂಘದವರು ತಮ್ಮ ವಾರದ ಸಭೆಯನ್ನು ಗುಡಿ ಮುಂದಿನಿಂದ ಗ್ರಂಥಾಲಯಕ್ಕೆ ಬದಲಿಸಿದರು. ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಓದು. ಮೇಲ್ವಿಚಾರಕಿ ಪೇಪರು ಓದುತ್ತಾಳೆ, ನಾನು 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಒಂದೊಂದೇ ಮಾತು ಬಿಡಿಸಿ ಹೇಳುತ್ತೇನೆ.

ಒಂದು ವಾರ ಒಬ್ಬ ತಂಗಿ ಕೇಳಿದಳು: "ಮನಿ ಅವರ ಹೆಸರಿನ್ಯಾಗ ಐತ್ರಿ. ಹೊರಗ ಹಾಕಿದ್ರ ನಾ ಏನ್ ಮಾಡ್ಲಿ?" ಮನೆ ಯಾರ ಹೆಸರಲ್ಲೇ ಇರಲಿ, ಕೂಡಿ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗೆ ಇದೆ ಎಂದು ಆ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅದನ್ನು ಎರಡು ಸಲ ಓದಿಸಿದಳು. ಪುಸ್ತಕ ಮನೆಗೆ ಒಯ್ಯುತ್ತೀಯಾ ಅಂದರೆ ಬೇಡ ಅಂದಳು. ರಿಜಿಸ್ಟರಿನಲ್ಲಿ ಹೆಸರು ಬರೆದರೆ ಮೈದುನ ನೋಡುತ್ತಾನೆ. ಆ ಭಯ ನಮಗೆ ಹೊಳೆದೇ ಇರಲಿಲ್ಲ! ಅಂದಿನಿಂದ ಕಾನೂನಿನ ಪುಸ್ತಕಗಳನ್ನು ಮೇಜಿಗೆ ದಾರ ಕಟ್ಟಿ ಇಟ್ಟಿದ್ದೇವೆ. ಯಾರು ಬೇಕಾದರೂ ಅಲ್ಲೇ ಕೂತು ನೋಡಬಹುದು, ಹೆಸರು ಬರೆಯಬೇಕಿಲ್ಲ.

ಕೆಲವು ತಿಂಗಳಾದ ಮೇಲೆ ಅವಳ ಕೈ ಮುರಿಯಿತು. ಸಂಘದ ನಾಲ್ಕು ಮಂದಿ ಅವಳನ್ನು ದವಾಖಾನೆಗೆ ಒಯ್ದರು. ಆಮೇಲೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೂ ಹೋದರು. ಈ ಕಾಯ್ದೆಯಲ್ಲಿ ಅವರೇ ಸಂರಕ್ಷಣಾಧಿಕಾರಿ. ವರದಿ ಬರೆಸಿದರು, ಕೋರ್ಟಿಗೆ ಅರ್ಜಿ ಹೋಯಿತು. ಮೈದುನ ಗ್ರಂಥಾಲಯದ ಬಾಗಿಲಿಗೆ ಬಂದು, "ಇಲ್ಲಿ ಹೆಂಗಸರಿಗೆ ಮನಿ ಒಡಿಯೋದು ಕಲಿಸ್ತೀರೇನು?" ಎಂದು ಕೂಗಾಡಿದ. ನಾನು ಹೆದರಿದೆ ನಿಜ. ಆದರೆ ಒಬ್ಬ ಮುದುಕಿ ಕೂತಲ್ಲೇ ಹೇಳಿದಳು: "ಮನಿ ಒಡದಿಲ್ಲಪಾ, ಒಡದಿದ್ದು ಅಕಿ ಕೈ." ಅವನು ಹೋದ. ಆ ತಂಗಿ ಈಗ ಅದೇ ಮನೆಯಲ್ಲಿ ಒಂದು ಕೋಣೆಯಲ್ಲಿ ಮಕ್ಕಳೊಂದಿಗೆ ಇದ್ದಾಳೆ. ಹೊಡೆತ ನಿಂತಿದೆ, ಮಾತು ಬಿಟ್ಟಿದ್ದಾರೆ. ಪೂರ್ತಿ ಸುಖ ಬಂತು ಎಂದು ನಾನು ಹೇಳಲಾರೆ. ಜೀವಂತ ಇದ್ದಾಳೆ, ಹೊರಗೆ ಬಿದ್ದಿಲ್ಲ.

ಆದ್ದರಿಂದ ಪ್ರತಿ ಗ್ರಂಥಾಲಯದಲ್ಲೂ ನಾವು ಓದಿಸಲೇಬೇಕಾದ ಕೆಲವು ಮಾತುಗಳಿವೆ. ಕೇಳಿರಿ.

ವರೋಪಚಾರ ಅನ್ನಲಿ, ಜಹೇಜ್ ಅನ್ನಲಿ, ಹುಡುಗನ ಓದಿನ ಖರ್ಚು ಅನ್ನಲಿ, 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ ಎಲ್ಲವೂ ಒಂದೇ. ತೆಗೆದುಕೊಂಡರೆ ಕನಿಷ್ಠ 5 ವರ್ಷ ಜೈಲು ಎಂದಿದೆ. ಕೊಡುವುದೂ ಅಪರಾಧ. ಆದರೆ ಹಿಂಸೆಗೆ ಒಳಗಾದವಳು ತಾನು ಕೊಟ್ಟದ್ದನ್ನು ಹೇಳಿದರೆ ಆ ಹೇಳಿಕೆಯ ಮೇಲೆ ಅವಳನ್ನು ಶಿಕ್ಷಿಸುವುದಿಲ್ಲ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿ ಬರೆದಿಡಬೇಕೆಂದು 1985ರ ನಿಯಮ ಹೇಳುತ್ತದೆ. ನಿಮ್ಮ ಸಂಘದ ಬರೆಯಬಲ್ಲ ಹುಡುಗಿ ಆ ಪಟ್ಟಿ ಬರೆದು ಸಹಿ ಹಾಕಿಸಲಿ. ಮುಂದೆ ಅದೇ ಸಾಕ್ಷಿ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ 498ಎ ಈಗ 85 ಮತ್ತು 86ನೇ ಕಲಮು, ವರದಕ್ಷಿಣೆ ಸಾವಿನ 304ಬಿ ಈಗ 80. ಗ್ರಂಥಾಲಯದ ಹಳೆಯ ಪುಸ್ತಕದಲ್ಲಿ ಹಳೆಯ ಸಂಖ್ಯೆ ಇರುತ್ತದೆ. ಹೊಸದು ತರಿಸಿರಿ, ಅಲ್ಲಿಯವರೆಗೆ ಚೀಟಿ ಅಂಟಿಸಿರಿ.

ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತ ತಿಂದವಳೇ ಹೇಳಬೇಕೆಂದಿಲ್ಲ. ಹಿಂಸೆ ನಡೆದಿದೆ ಎಂದು ತಿಳಿದವರು ಯಾರಾದರೂ ಸಂರಕ್ಷಣಾಧಿಕಾರಿಗೆ ಹೇಳಬಹುದು. ನೆರೆಮನೆಯವಳು ಹೇಳಬಹುದು, ಸಂಘ ಹೇಳಬಹುದು. 1989ರಲ್ಲಿ ಇಂಥದ್ದೊಂದು ಇದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಹೆಂಗಸರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕೆಂದು ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಅದಕ್ಕೆ ಆದಾಯದ ಮಿತಿ ಇಲ್ಲ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅವರನ್ನು ನಿಮ್ಮ ಗ್ರಂಥಾಲಯಕ್ಕೇ ಕರೆಸಿರಿ.

ಒಂದು ಎಚ್ಚರಿಕೆ. ಜೀವಕ್ಕೆ ಅಪಾಯ ಬಂದ ಹೊತ್ತಿನಲ್ಲಿ ಪುಸ್ತಕ ಹುಡುಕಬೇಡಿರಿ. 112ಕ್ಕೆ ಫೋನ್ ಮಾಡಿರಿ. ಮಹಿಳಾ ಸಹಾಯವಾಣಿ 181. ಈ ಎರಡು ಸಂಖ್ಯೆಗಳನ್ನು ಗ್ರಂಥಾಲಯದ ಗೋಡೆಯ ಮೇಲೆ, ಬಾಗಿಲಿಗೆ ಕೀಲಿ ಹಾಕಿದಾಗಲೂ ಕಾಣುವಂತೆ ಹೊರಗಡೆ, ದೊಡ್ಡ ಅಂಕಿಯಲ್ಲಿ ಬರೆಸಿರಿ. ಅಕ್ಷರ ಬಾರದವರಿಗೂ ಅಂಕಿ ಬರುತ್ತದೆ. ಮೊಬೈಲು ಅಷ್ಟನ್ನು ಎಲ್ಲರಿಗೂ ಕಲಿಸಿದೆ.

ಇನ್ನು ನೀವು ಮಾಡಬೇಕಾದದ್ದು. ಊರಿಗೆ ಹೋದ ಮೇಲೆ ಸಂಘದವರೆಲ್ಲ ಕೂಡಿ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿರಿ. ಮಹಿಳಾ ಗ್ರಾಮಸಭೆಯಲ್ಲಿ ಎದ್ದು ನಿಂತು, ಸಂಜೆ ಹೊತ್ತು ಬಾಗಿಲು ತೆರೆಯಬೇಕು, ದೀಪ ಬೇಕು, ಶೌಚಾಲಯ ಬೇಕು ಎಂದು ಕೇಳಿ ಠರಾವಿನಲ್ಲಿ ಬರೆಸಿರಿ. ವಾರಕ್ಕೆ ಒಂದು ತಾಸು ಹೆಂಗಸರ ಓದು ಇರಲಿ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ನಡೆಯುತ್ತದೆ. ಹಾರ ಭಾಷಣಗಳ ಜೊತೆಗೆ ಒಂದು ದಿನ ವರದಕ್ಷಿಣೆ ವಿರೋಧಿ ದಿನವಾಗಲಿ. ಮದುವೆಗೆ ಬಂದ ಹುಡುಗರನ್ನೂ ಅವರ ತಾಯಂದಿರನ್ನೂ ಕರೆಯಿರಿ. ಕೇಳುವ ಬಾಯಿ ಅವರದು, ಮೊದಲು ಕೇಳಿಸಿಕೊಳ್ಳಬೇಕಾದವರೂ ಅವರೇ. ತಾಲೂಕಿನ ಊರುಗಳಲ್ಲಿ ದೊಡ್ಡ ಗ್ರಂಥಾಲಯಗಳಿವೆ, 2023ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೇಟಿನ ರೊಕ್ಕ ಬೇಡ. ಓದುವ ಹುಡುಗಿಯರನ್ನು ಕರೆದೊಯ್ಯಿರಿ. ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಗೃಹಲಕ್ಷ್ಮಿ ರೊಕ್ಕ ಕೂಡಿಟ್ಟು ಗ್ರಂಥಾಲಯವನ್ನೇ ಕಟ್ಟಿಸಿದಳು. ನಮ್ಮೂರಲ್ಲಿ ಕಟ್ಟಡ ಇದೆ, ಒಳಗೆ ಹೋಗಬೇಕು ಅಷ್ಟೆ.

ಗ್ರಂಥಾಲಯ ಹೊಡೆಯುವ ಕೈಯನ್ನು ಹಿಡಿಯುವುದಿಲ್ಲ. ಹಿಡಿಯಬೇಕಾದವರು ನಾವು. ಆದರೆ ಯಾವಳೋ ಒಬ್ಬ ಮಗಳು ನಿಮ್ಮ ಪಕ್ಕ ಕೂತು, "ಇದಕ್ಕ ಕಾನೂನು ಐತೇನು?" ಎಂದು ಕೇಳಿದ ದಿನ, ನಾನು ಹೇಳಿದ ಉತ್ತರ ನಿಮ್ಮ ಬಾಯಿಂದ ಬರಬಾರದು. "ಐತವ್ವ, ಬಾ ತೋರಿಸ್ತೀನಿ" ಅನ್ನಬೇಕು. ಅದಕ್ಕೆ ಆ ಕಪಾಟಿನ ಕೀಲಿ ನಮ್ಮ ಕೈಯಲ್ಲಿರಬೇಕು.